ಮಿರಗದ (ಮೃಗಶಿರಾ) ಮಳೆಗೆ ಮುನ್ನ ವೈಪರ್ ಪರೀಕ್ಷೆ: ಗಾಜಿನಿಂದ ಮೋಟಾರಿನವರೆಗೆ

ಹುಬ್ಬಳ್ಳಿಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ನನ್ನ ಅಂಗಡಿಗೆ ದೀಪಾವಳಿಯಿಂದ ಬಸವ ಜಯಂತಿಯವರೆಗೆ ವೈಪರ್ ಸಲುವಾಗಿ ಬರುವವರು ಬಹಳ ವಿರಳ. ಬೇಸಿಗೆಯ ಕೊನೆಗೆ ಗುಡುಗು ಸಿಡಿಲಿನೊಂದಿಗೆ ಅಡ್ಡಮಳೆ ಒಮ್ಮೆ ಸುರಿಯಿತೆಂದರೆ ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಾಲ್ಕಾರು ಗಾಡಿಗಳು ಮುಂದೆ ನಿಂತಿರುತ್ತವೆ. ಕಳೆದ ವರ್ಷ ನವಲಗುಂದದ ಕಡೆಯ ರೈತರೊಬ್ಬರು ತಮ್ಮ ಸರಕು ಗಾಡಿಯನ್ನು ತಂದು, “ಮೊನ್ನೆನ ಹೊಸ ರಬ್ಬರ್ ಹಾಕ್ಸೇನ್ರಿ, ಆದ್ರೂ ರಾತ್ರಿ ಎದುರಿನ ಗಾಡಿ ಲೈಟ್ ಬಿದ್ರ ಏನೂ ಕಾಣಂಗಿಲ್ರಿ” ಎಂದರು. ರಬ್ಬರ್ ನಿಜಕ್ಕೂ ಹೊಸದಾಗಿತ್ತು. ಒಣಗಿದ ಗಾಜಿನ ಮೇಲೆ ಬೆರಳು ಎಳೆದು ನೋಡಿದರೆ ತೆಳುವಾದ ಜಿಡ್ಡು ಬೆರಳಿಗೆ ಹತ್ತಿತು. ಪಾತ್ರೆ ತಿಕ್ಕುವ ಸೋಪಿನ ನೀರಿನಿಂದ ಗಾಜನ್ನು ಎರಡು ಸಲ ತೊಳೆದ ಮೇಲೆ ಅದೇ ರಬ್ಬರ್ ಒಂದು ಗೆರೆಯೂ ಉಳಿಯದಂತೆ ಒರೆಸಿತು.

ವೈಪರ್ ಎಂದರೆ ರಬ್ಬರ್ ಮಾತ್ರ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದರಿಂದ ದುಡ್ಡು ಹೋಗುವುದು ಒಂದು ಕಡೆಯಾದರೆ, ತೊಂದರೆ ಬೇರೆಡೆ ಉಳಿದುಕೊಂಡು ಘಟ್ಟದ ಮಳೆಯಲ್ಲಿ ಎದುರಾಗುವುದು ಇನ್ನೊಂದು ಕಡೆ. ಸ್ವಿಚ್ಚಿನಿಂದ ಫ್ಯೂಸ್, ರಿಲೇ (ವಿದ್ಯುತ್ತಿನಿಂದಲೇ ಆಡುವ ಸ್ವಿಚ್), ಮೋಟಾರ್, ಗೇರ್, ಕ್ರ್ಯಾಂಕ್, ಲಿಂಕ್, ಆರ್ಮ್ (ಬ್ಲೇಡನ್ನು ಹಿಡಿದಿರುವ ತೋಳು), ಬ್ಲೇಡ್ ಮೂಲಕ ಸಾಗಿ ಶಕ್ತಿಯು ಕೊನೆಗೆ ಗಾಜಿಗೆ ತಾಗುವ ರಬ್ಬರಿನ ಅಂಚನ್ನು ತಲುಪುತ್ತದೆ. ಪರೀಕ್ಷೆಯನ್ನು ಇದಕ್ಕೆ ತದ್ವಿರುದ್ಧವಾಗಿ, ಅಂದರೆ ಗಾಜಿನಿಂದ ಆರಂಭಿಸಿ ಮೋಟಾರಿನ ಕಡೆಗೆ ಸಾಗುತ್ತ ಮಾಡಬೇಕು ಎನ್ನುವುದು ನನ್ನ ಅನುಭವದ ಮಾತು. ಖರ್ಚಿಲ್ಲದ ಕೆಲಸಗಳೆಲ್ಲ ಗಾಜಿನ ಕಡೆಗೆ ಇವೆ, ದುಬಾರಿ ಕೆಲಸಗಳೆಲ್ಲ ಮೋಟಾರಿನ ಕಡೆಗೆ ಇವೆ. ಮೇ ತಿಂಗಳ ಒಂದು ಭಾನುವಾರ ಇದಕ್ಕೆ ಸಾಕು.

ಮೊದಲ ಹೆಜ್ಜೆ: ಗಾಜು

ನಮ್ಮ ಭಾಗದಲ್ಲಿ ಫೆಬ್ರುವರಿಯಿಂದ ಮೇವರೆಗೆ ಗಾಜಿನ ಮೇಲೆ ಕೂರುವುದು ಬರೀ ಧೂಳಲ್ಲ. ಲಾರಿಗಳ ಡೀಸೆಲ್ ಹೊಗೆ, ರಸ್ತೆಯ ಡಾಂಬರಿನ ಆವಿ, ಮರದ ಕೆಳಗೆ ನಿಲ್ಲಿಸಿದಾಗ ಎಲೆಗಳಿಂದ ಸುರಿಯುವ ಅಂಟು, ವಾಹನ ತೊಳೆಯುವಾಗ ಹಚ್ಚುವ ಮೇಣ ಇವೆಲ್ಲ ಸೇರಿ ಕಣ್ಣಿಗೆ ಕಾಣದ ಒಂದು ಪದರವಾಗುತ್ತವೆ. ಶುದ್ಧವಾದ ಗಾಜಿನ ಮೇಲೆ ನೀರು ತೆಳುವಾದ ಹಾಳೆಯಂತೆ ಹರಡುತ್ತದೆ, ಜಿಡ್ಡು ಹಿಡಿದ ಗಾಜಿನ ಮೇಲೆ ಅದು ಸಣ್ಣ ಸಣ್ಣ ಹನಿಗಳಾಗಿ ಒಡೆದು ನಿಲ್ಲುತ್ತದೆ. ರಬ್ಬರ್ ಹಾದುಹೋದ ಕೂಡಲೇ ಗಾಜು ಒಂದೆರಡು ಕ್ಷಣ ಮಬ್ಬಾಗಿ, ಆಮೇಲೆ ತಿಳಿಯಾಗುತ್ತಿದ್ದರೆ ದೋಷ ಈ ಪದರದ್ದು ಎಂದು ತಿಳಿಯಬೇಕು.

ಮೊದಲು ಬರೀ ನೀರನ್ನು ಧಾರಾಳವಾಗಿ ಸುರಿದು ಧೂಳನ್ನು ಇಳಿಸಿಕೊಳ್ಳಬೇಕು. ಒಣ ಬಟ್ಟೆಯಿಂದ ಒರೆಸಬಾರದು, ಧೂಳು ತುಂಬಿದ ಒಣ ಗಾಜಿನ ಮೇಲೆ ವೈಪರನ್ನಂತೂ ಎಂದಿಗೂ ಓಡಿಸಬಾರದು. ಧೂಳಿನಲ್ಲಿರುವ ಮರಳಿನ ಕಣಗಳು ರಬ್ಬರಿನ ಅಂಚಿಗೆ ಸಿಕ್ಕಿಕೊಂಡು ಗಾಜಿನ ಮೇಲೆ ಬಿಲ್ಲಿನಾಕಾರದ ಗೀರುಗಳನ್ನು ಬಿಡುತ್ತವೆ, ಈ ಗೀರುಗಳು ಹಗಲಿನಲ್ಲಿ ಕಾಣದೇ ರಾತ್ರಿ ಎದುರಿನ ಬೆಳಕಿಗೆ ಹೊಳೆದು ಕಣ್ಣು ಕುಕ್ಕುತ್ತವೆ. ಉಗುರಿಗೆ ತಾಗುವಷ್ಟು ಆಳವಾದ ಗೀರನ್ನು ತಿಕ್ಕಿ ತೆಗೆಯಲು ಹೋದರೆ ಆ ಜಾಗದಲ್ಲಿ ಗಾಜು ತಗ್ಗಾಗಿ ನೋಟ ಸೊಟ್ಟಗಾಗುತ್ತದೆ.

ಧೂಳು ಇಳಿದ ಮೇಲೆ ಪಾತ್ರೆ ತಿಕ್ಕುವ ದ್ರವದ ಕೆಲವು ಹನಿಗಳನ್ನು ಬಕೆಟ್ ನೀರಿಗೆ ಬೆರೆಸಿ, ಮೆತ್ತನೆಯ ಸ್ಪಂಜಿನಿಂದ ಗಾಜಿನ ಮೂಲೆಮೂಲೆಯನ್ನೂ ತಿಕ್ಕಿ ತೊಳೆಯಬೇಕು. ಕೊಳವೆಬಾವಿಯ ಗಡಸು ನೀರಿನಿಂದ ಗಾಡಿ ತೊಳೆಯುವವರ ಗಾಜಿನ ಮೇಲೆ, ಗದಗ ಮತ್ತು ಮುಂಡರಗಿ ಕಡೆಯ ವಾಹನಗಳಲ್ಲಿ ವಿಶೇಷವಾಗಿ, ಬಿಳಿ ಉಪ್ಪಿನ ಚುಕ್ಕೆಗಳು ಕಾಣುತ್ತವೆ. ಅವು ಸೋಪಿಗೆ ಜಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚುಕ್ಕೆಗಳ ಮೇಲೆ ಐದು ನಿಮಿಷ ಹೊದಿಸಿಟ್ಟು ಒರೆಸಿದರೆ ಬಹುತೇಕ ಕರಗುತ್ತವೆ, ಆಮೇಲೆ ಗಾಜನ್ನು ಚೆನ್ನಾಗಿ ತೊಳೆದುಬಿಡಬೇಕು. ಕೊನೆಯಲ್ಲಿ ಹಳೆಯ ಪತ್ರಿಕೆಯ ಹಾಳೆಯಿಂದ ಒರೆಸಿ ಒಣಗಿಸುವುದು ನಮ್ಮ ಹಿರಿಯರ ಪದ್ಧತಿ, ಅದಕ್ಕಿಂತ ಚೆನ್ನಾದ ಬೇರೊಂದನ್ನು ನಾನಂತೂ ಕಂಡಿಲ್ಲ.

ಗಾಜಿನ ಒಳಮೈಯನ್ನು ಮರೆಯಬಾರದು. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಹೊರಡುವ ಆವಿ ಗಾಜಿನ ಒಳಭಾಗದಲ್ಲಿ ಎಣ್ಣೆಯ ಪೊರೆಯಾಗಿ ಕೂರುತ್ತದೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಿಟಕಿ ಮುಚ್ಚಿಕೊಂಡು ಹೊರಟರೆ ಉಸಿರಿನ ತೇವ ಆ ಪೊರೆಗೆ ಬೇಗ ಅಂಟಿಕೊಂಡು ಗಾಜು ಮಂಜಾಗುತ್ತದೆ. ಇದನ್ನು ವೈಪರಿನ ದೋಷವೆಂದು ತಿಳಿದು ಬಂದವರನ್ನು ನಾನು ಕಂಡಿದ್ದೇನೆ. ಒಳಗಿನಿಂದ ಬೆರಳು ಎಳೆದಾಗ ಗೆರೆ ಮೂಡಿದರೆ ಮಂಜು ಒಳಗಿನದು, ಆಗ ಎಸಿಯ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಬೇಕು.

ಎರಡನೆಯ ಹೆಜ್ಜೆ: ರಬ್ಬರ್ ಮತ್ತು ಬ್ಲೇಡ್

ಬ್ಲೇಡನ್ನು ಎತ್ತಿ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ರಚನೆ ತಿಳಿಯುತ್ತದೆ. ಮೇಲೆ ದಪ್ಪನೆಯ ತಲೆ, ಅದರ ಕೆಳಗೆ ಬಹಳ ತೆಳುವಾದ ಕುತ್ತಿಗೆ, ಕುತ್ತಿಗೆಯ ಕೆಳಗೆ ಬೆಣೆಯಂತೆ ಕಿರಿದಾಗುತ್ತ ಬಂದ ತುಟಿ. ಆ ತುಟಿಯ ಕೊನೆಯನ್ನು ದುಂಡಗೆ ಮಾಡಿರುವುದಿಲ್ಲ, ಚೂಪಾದ ಮೂಲೆ ಬರುವಂತೆ ಕತ್ತರಿಸಿರುತ್ತಾರೆ. ಬ್ಲೇಡ್ ಬಲಕ್ಕೆ ಚಲಿಸುವಾಗ ತುಟಿ ಎಡಕ್ಕೆ ವಾಲಿಕೊಂಡು ತನ್ನ ಒಂದು ಮೂಲೆಯಿಂದ ನೀರನ್ನು ಬಳಿದುಕೊಂಡು ಹೋಗುತ್ತದೆ. ಹಿಂದಕ್ಕೆ ಬರುವಾಗ ತೆಳುವಾದ ಕುತ್ತಿಗೆ ಮಗುಚಿ, ತುಟಿ ಇನ್ನೊಂದು ಕಡೆಗೆ ವಾಲಿ, ಎರಡನೆಯ ಮೂಲೆ ಕೆಲಸಕ್ಕೆ ಬರುತ್ತದೆ. ಪ್ರತಿ ಸುತ್ತಿನ ಎರಡೂ ತುದಿಗಳಲ್ಲಿ ಕೇಳುವ ‘ಟಪ್’ ಎಂಬ ಸಣ್ಣ ಸದ್ದು ಈ ಮಗುಚುವಿಕೆಯದೇ. ಬಿಸಿಲಿನಿಂದ ಕುತ್ತಿಗೆ ಬಿರುಸಾದಾಗ ತುಟಿ ಮಗುಚದೆ ನೆಟ್ಟಗೆ ನಿಲ್ಲುತ್ತದೆ ಅಥವಾ ಒಂದೇ ಕಡೆಗೆ ವಾಲಿ ಉಳಿಯುತ್ತದೆ. ಹಾಗಾದಾಗ ಹೋಗುವಾಗ ಚೆನ್ನಾಗಿ ಒರೆಸಿದ ವೈಪರ್ ಬರುವಾಗ ಕೆರೆಯುತ್ತ, ಕುಣಿಯುತ್ತ ಬರುತ್ತದೆ.

ನಮ್ಮ ಏಪ್ರಿಲ್-ಮೇ ಬಿಸಿಲು ರಬ್ಬರಿಗೆ ಮಳೆಗಿಂತ ದೊಡ್ಡ ಶತ್ರು. ನೇಸರನ ನೇರಳಾತೀತ ಕಿರಣ, ಗಾಳಿಯಲ್ಲಿರುವ ಓಝೋನ್ ಮತ್ತು ಕಾದ ಗಾಜಿನ ಶಾಖ ಮೂರೂ ಸೇರಿ ಅದನ್ನು ಒಣಗಿಸಿ ಸೀಳುತ್ತವೆ. ಹೀಗಾಗಿ ಒಂದು ಮಳೆಗಾಲದಲ್ಲಿ ಚೆನ್ನಾಗಿ ಕೆಲಸ ಮಾಡಿದ ರಬ್ಬರ್ ಮುಂದಿನ ಮಿರಗಕ್ಕೆ ಉಪಯೋಗಕ್ಕೆ ಬರಬಹುದು ಎಂದು ನಂಬಿಕೊಂಡಿರುವುದು ಸರಿಯಲ್ಲ. ಗಾಡಿ ಬಳಸಿದರೂ ಬಳಸದಿದ್ದರೂ ವರ್ಷಕ್ಕೊಮ್ಮೆ, ಅದೂ ಬೇಸಿಗೆ ಮುಗಿಯುವ ಹೊತ್ತಿಗೆ ಬದಲಿಸುವುದು ಒಳ್ಳೆಯದು. ಅಕ್ಟೋಬರಿನಲ್ಲಿ ಹೊಸ ರಬ್ಬರ್ ಹಾಕಿಸಿದರೆ ಅದರ ಆಯುಷ್ಯವೆಲ್ಲ ಬಿಸಿಲಿನಲ್ಲೇ ಕಳೆದುಹೋಗುತ್ತದೆ.

ಬದಲಿಸುವ ಮೊದಲು ಒದ್ದೆ ಬಟ್ಟೆಯಿಂದ ತುಟಿಯನ್ನು ಉದ್ದಕ್ಕೂ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಬೆರಳ ತುದಿಯಿಂದ ಸವರಿ ನೋಡಬೇಕು. ಸೀಳು, ಕಚ್ಚು, ದುಂಡಾದ ಅಂಚು ಇಲ್ಲದಿದ್ದರೆ ರಬ್ಬರ್ ಇನ್ನೂ ಬದುಕಿದೆ. ಗಾಜಿನ ಮೇಲೆ ಉಳಿಯುವ ಗುರುತುಗಳು ಕೂಡ ದೋಷವನ್ನು ತೋರಿಸಿಕೊಡುತ್ತವೆ. ಕೂದಲೆಳೆಯಂತಹ ಒಂದೇ ಗೆರೆ ಉಳಿದರೆ ತುಟಿಯಲ್ಲಿ ಕಸ ಸಿಕ್ಕಿದೆ ಅಥವಾ ಕಚ್ಚು ಬಿದ್ದಿದೆ. ಬೆರಳಗಲದ ಪಟ್ಟಿ ಒದ್ದೆಯಾಗಿಯೇ ಉಳಿದರೆ ಬ್ಲೇಡಿನ ಚೌಕಟ್ಟು ಬಾಗಿ ಆ ಭಾಗ ಗಾಜನ್ನು ಮುಟ್ಟುತ್ತಿಲ್ಲ. ರಬ್ಬರಿಗೆ ಡೀಸೆಲ್, ಸೀಮೆಎಣ್ಣೆ, ಗ್ರೀಸ್ ಹಚ್ಚಿ ಮೆತ್ತಗೆ ಮಾಡುವ ರೂಢಿ ಕೆಲವರಲ್ಲಿದೆ. ಅದರಿಂದ ರಬ್ಬರ್ ಉಬ್ಬಿ ಆಕಾರಗೆಡುತ್ತದೆ, ಗಾಜಿಗೆ ಮತ್ತೆ ಜಿಡ್ಡು ಹತ್ತುತ್ತದೆ.

ಅಳತೆಯನ್ನು ಊಹೆಯಿಂದ ಹೇಳದೆ ಟೇಪ್ ಹಿಡಿದೇ ಅಳೆಯಬೇಕು. ಬಲಗಡೆಯ, ಅಂದರೆ ಚಾಲಕನ ಬದಿಯ ಬ್ಲೇಡ್ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಎಡಗಡೆಯದು ಗಿಡ್ಡವಾಗಿರುತ್ತದೆ. ಅಂಗಡಿಯಲ್ಲಿ ಇಂಚಿನ ಲೆಕ್ಕದಲ್ಲಿ ಕೊಡುತ್ತಾರೆ, 16 ಇಂಚು ಎಂದರೆ ಸುಮಾರು 400 ಮಿಲಿಮೀಟರ್, 24 ಇಂಚು ಎಂದರೆ ಸುಮಾರು 600. ಒಂದಿಂಚು ಉದ್ದ ಇದ್ದರೆ ಹೆಚ್ಚು ಒರೆಸುತ್ತದೆಂದು ದೊಡ್ಡದನ್ನು ಹಾಕಿಸಿದರೆ ಎರಡೂ ಬ್ಲೇಡುಗಳು ಒಂದಕ್ಕೊಂದು ಬಡಿಯಬಹುದು, ಮೋಟಾರಿನ ಮೇಲೆ ಭಾರವೂ ಹೆಚ್ಚುತ್ತದೆ. ಕಬ್ಬಿಣದ ಸೇತುವೆಯಂತೆ ಕಮಾನುಗಳಿರುವ ಹಳೆಯ ಮಾದರಿಯ ಬ್ಲೇಡ್ ನಾಲ್ಕೈದು ಬಿಂದುಗಳಲ್ಲಿ ರಬ್ಬರನ್ನು ಒತ್ತುತ್ತದೆ. ಚಪ್ಪಟೆ ಬ್ಲೇಡಿನಲ್ಲಿ ಕಮಾನಿಲ್ಲ, ರಬ್ಬರಿನೊಳಗೆ ಬಾಗಿದ ಉಕ್ಕಿನ ಪಟ್ಟಿಯಿದ್ದು ಒತ್ತಡ ಉದ್ದಕ್ಕೂ ಹಂಚಿಹೋಗುತ್ತದೆ. ತೀರಾ ಬಾಗಿದ ಗಾಜಿಗೆ ಎರಡನೆಯದು ಹಿತ. ಆದರೆ ಹೊಲದ ಮಣ್ಣಿನಲ್ಲಿ ಓಡಾಡುವ ಗಾಡಿಗೆ ಹಳೆಯ ಮಾದರಿಯೇ ಸಾಕು, ಅದರಲ್ಲಿ ರಬ್ಬರನ್ನಷ್ಟೇ ಬದಲಿಸಿಕೊಳ್ಳುವ ಅನುಕೂಲವೂ ಇದೆ.

ಬ್ಲೇಡ್ ಕಳಚುವಾಗ ಒಂದು ಎಚ್ಚರಿಕೆ ಬೇಕೇ ಬೇಕು. ಕೊಕ್ಕೆಯಾಕಾರದ ಆರ್ಮಿನಲ್ಲಿ ಬ್ಲೇಡನ್ನು ಅಡ್ಡ ತಿರುಗಿಸಿ, ಒಳಗಿನ ಪ್ಲಾಸ್ಟಿಕ್ ಲಾಕನ್ನು ಒತ್ತಿ, ಬ್ಲೇಡನ್ನು ಆರ್ಮಿನ ಬುಡದ ಕಡೆಗೆ ಜಾರಿಸಿದರೆ ಅದು ಕೈಗೆ ಬರುತ್ತದೆ. ಆ ಕ್ಷಣದಿಂದ ಆರ್ಮಿನ ತುದಿಯಲ್ಲಿ ಬರಿಯ ಲೋಹವಿರುತ್ತದೆ. ಕೈ ತಪ್ಪಿ ಆರ್ಮ್ ಬಿದ್ದರೆ ಸ್ಪ್ರಿಂಗಿನ ಹೊಡೆತಕ್ಕೆ ಗಾಜು ಬಿರುಕು ಬಿಡುತ್ತದೆ. ನಾಲ್ಕು ಮಡಿಕೆ ಹಾಕಿದ ಟವೆಲನ್ನು ಗಾಜಿನ ಮೇಲೆ ಹಾಸಿಯೇ ಈ ಕೆಲಸಕ್ಕೆ ಕೈ ಹಾಕಬೇಕು.

ಮೂರನೆಯ ಹೆಜ್ಜೆ: ಆರ್ಮ್

ಆರ್ಮಿನ ಬುಡದಲ್ಲಿರುವ ಸ್ಪ್ರಿಂಗ್ ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಬ್ಲೇಡಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಗ್ರಾಂ ತೂಕದಷ್ಟು ಒತ್ತಡ ಬೇಕು. 60 ಸೆಂಟಿಮೀಟರ್ ಬ್ಲೇಡಿಗೆ ಇದು ಹೆಚ್ಚುಕಡಿಮೆ 900 ಗ್ರಾಂ ಆಗುತ್ತದೆ. ಮನೆಯಲ್ಲಿ ಕೊಕ್ಕೆಯ ತೂಕಮಾಪಕವಿದ್ದರೆ ಆರ್ಮಿನ ತುದಿಗೆ ಸಿಕ್ಕಿಸಿ, ಬ್ಲೇಡ್ ಗಾಜಿನಿಂದ ಕೂದಲೆಳೆಯಷ್ಟು ಏಳುವವರೆಗೆ ಎಳೆದು ಓದಿಕೊಳ್ಳಬಹುದು. ತೂಕ ತೀರಾ ಕಡಿಮೆ ಬಂದರೆ ಸ್ಪ್ರಿಂಗ್ ಸಡಿಲಾಗಿದೆ. ಅಂತಹ ವೈಪರ್ ಊರೊಳಗೆ ಚೆನ್ನಾಗಿ ಒರೆಸಿ, ಪುಣೆ-ಬೆಂಗಳೂರು ಹೆದ್ದಾರಿಯ ವೇಗಕ್ಕೆ ಗಾಳಿ ತುಂಬಿಕೊಂಡು ಮೇಲೇಳುತ್ತದೆ. ಹಿಂಜ್ ಇರುವಲ್ಲಿ ಒಂದೆರಡು ಹನಿ ಎಣ್ಣೆ ಬಿಟ್ಟು ನೋಡಿ, ಆಗಲೂ ಸರಿಹೋಗದಿದ್ದರೆ ಆರ್ಮ್ ಬದಲಿಸಬೇಕು.

ಹೊಸ ರಬ್ಬರ್, ತೊಳೆದ ಗಾಜು ಎರಡೂ ಇದ್ದು ಬ್ಲೇಡ್ ಒಂದು ದಿಕ್ಕಿನಲ್ಲಿ ಮಾತ್ರ ಕುಣಿಯುತ್ತಿದ್ದರೆ ಆರ್ಮ್ ತಿರುಚಿಕೊಂಡಿದೆ ಎಂದು ಅರ್ಥ. ವಾಹನ ತೊಳೆಯುವವರು ಆರ್ಮನ್ನು ಹಿಡಿದು ಜಗ್ಗುವುದರಿಂದ ಹೀಗಾಗುತ್ತದೆ. ವೈಪರನ್ನು ಗಾಜಿನ ನಡುಮಧ್ಯ ನಿಲ್ಲಿಸಿ, ಬ್ಲೇಡ್ ಕಳಚಿ, ಆರ್ಮಿನ ತುದಿಯ ಚಪ್ಪಟೆ ಭಾಗ ಗಾಜಿಗೆ ಸಮಾನಾಂತರವಾಗಿದೆಯೇ ಎಂದು ಬದಿಯಿಂದ ನೋಡಬೇಕು. ಓರೆಯಾಗಿದ್ದರೆ ಎರಡು ಪಾನಾಗಳಿಂದ ಸ್ವಲ್ಪ ಸ್ವಲ್ಪವೇ ತಿರುಚಿ ಸರಿಪಡಿಸಬಹುದು.

ನಾಲ್ಕನೆಯ ಹೆಜ್ಜೆ: ಬಾನೆಟ್ಟಿನ ಹಿಂದಿನ ಲಿಂಕೇಜ್

ಹೊಲಿಗೆ ಯಂತ್ರದ ಕಾಲುಮಣೆಯನ್ನು ಹಿಂದೆ ಮುಂದೆ ಆಡಿಸಿದರೆ ಚಕ್ರ ಗುಂಡಗೆ ತಿರುಗುತ್ತದೆ. ವೈಪರಿನಲ್ಲಿ ನಡೆಯುವುದು ಅದರ ತಿರುವುಮುರುವು. ಮೋಟಾರ್ ಒಂದೇ ದಿಕ್ಕಿನಲ್ಲಿ ತಿರುಗುತ್ತಲೇ ಇರುತ್ತದೆ, ಅದರ ಅಚ್ಚಿನ ತುದಿಗೆ ಕೂಡಿಸಿದ ಗಿಡ್ಡ ಕ್ರ್ಯಾಂಕ್ ಉದ್ದವಾದ ಲಿಂಕ್ ಸರಳನ್ನು ತಳ್ಳಿ ಎಳೆಯುತ್ತದೆ, ಆ ಸರಳು ವೈಪರಿನ ಬುಡದ ಸ್ಪಿಂಡಲನ್ನು ಹಿಂದೆ ಮುಂದೆ ಆಡಿಸುತ್ತದೆ. ತೀರಾ ಹೊಸ ಕೆಲವು ವಾಹನಗಳಲ್ಲಿ ಮೋಟಾರೇ ದಿಕ್ಕು ಬದಲಿಸುವ ವ್ಯವಸ್ಥೆ ಬಂದಿದೆಯಾದರೂ ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಗಾಡಿಗಳಲ್ಲಿ ಇರುವುದು ಈ ಕ್ರ್ಯಾಂಕ್ ವ್ಯವಸ್ಥೆಯೇ. ಕ್ರ್ಯಾಂಕ್, ಸರಳು, ಸ್ಪಿಂಡಲ್ ಇವು ಕೂಡುವಲ್ಲೆಲ್ಲ ಕಡಲೆಯಷ್ಟು ಗಾತ್ರದ ಲೋಹದ ಗುಂಡು ಮತ್ತು ಅದನ್ನು ಕಚ್ಚಿಹಿಡಿಯುವ ಪ್ಲಾಸ್ಟಿಕ್ ಬುಶ್ ಇರುತ್ತದೆ.

ಈ ಬುಶ್ ಎಷ್ಟು ಮುಖ್ಯ ಎಂಬುದು ನನಗೆ ಅರಬೈಲ್ ಘಟ್ಟದಲ್ಲಿ ಮನವರಿಕೆಯಾಯಿತು. ಅಂಕೋಲಾದಿಂದ ಮನೆಯವರನ್ನು ಕರೆದುಕೊಂಡು ಯಲ್ಲಾಪುರ, ಕಲಘಟಗಿ ಮೇಲೆ ಹುಬ್ಬಳ್ಳಿಗೆ ಮರಳುತ್ತಿದ್ದಾಗ, ಜಡಿಮಳೆಯಲ್ಲಿ ನನ್ನ ಬದಿಯ ವೈಪರ್ ಗಾಜಿನ ನಡುವೆ ನಿಂತುಬಿಟ್ಟಿತು. ಎಡಗಡೆಯದು ಮಾತ್ರ ಏನೂ ಆಗದಂತೆ ಆಡುತ್ತಲೇ ಇತ್ತು. ತಿಂಗಳ ಹಿಂದಿನಿಂದ ಕೇಳಿಬರುತ್ತಿದ್ದ ‘ಕಟ್ ಕಟ್’ ಸದ್ದಿಗೆ ಆಗ ಅರ್ಥ ಸಿಕ್ಕಿತು. ಬುಶ್ ಸವೆದು ಗುಂಡಿನಿಂದ ಲಿಂಕ್ ಕಳಚಿಕೊಂಡಿತ್ತು. ಗಾಡಿಯನ್ನು ಅಗಲವಾದ ಜಾಗದಲ್ಲಿ ನಿಲ್ಲಿಸಿ, ಇಗ್ನಿಷನ್ ಬಂದ್ ಮಾಡಿ, ಗುಂಡಿನ ಮೇಲೆ ಲಿಂಕನ್ನು ಒತ್ತಿ ಕೂರಿಸಿ, ಕೇಬಲ್ ಟೈ ಎರಡು ಸುತ್ತು ಬಿಗಿದು, ನಿಧಾನ ವೇಗದಲ್ಲೇ ವೈಪರ್ ಓಡಿಸಿಕೊಂಡು ಯಲ್ಲಾಪುರ ಮುಟ್ಟಿದೆವು. ಮೋಟಾರ್ ಸರಿಯಿದ್ದು ಒಂದೇ ವೈಪರ್ ನಿಂತರೆ ಲಿಂಕ್ ಕಳಚಿರುವುದೇ ಹೆಚ್ಚು, ಇಲ್ಲವೇ ಆರ್ಮಿನ ಬುಡದ ನಟ್ ಸಡಿಲಾಗಿರುತ್ತದೆ.

ಪರೀಕ್ಷೆ ಸುಲಭ. ವೈಪರ್ ನಿಂತಿರುವಾಗ ಆರ್ಮಿನ ತುದಿಯನ್ನು ಎರಡು ಬೆರಳಿನಿಂದ ಹಿಡಿದು ಮೇಲೆ ಕೆಳಗೆ ಮೆಲ್ಲನೆ ಅಲುಗಿಸಬೇಕು. ಅರ್ಧ ಇಂಚಿನೊಳಗಿನ ಸಡಿಲು ಸಹಜ. ಅದಕ್ಕಿಂತ ಹೆಚ್ಚಿದ್ದರೆ, ಸದ್ದೂ ಬಂದರೆ, ಬುಶ್ ಸವೆದಿದೆ. ಬಲ ಹಾಕಿ ದೂಡಬಾರದು, ಏಕೆಂದರೆ ಮೋಟಾರಿನೊಳಗಿನ ವರ್ಮ್ ಗೇರ್ (ತಿರುಪಿನಾಕಾರದ ಗೇರ್) ಹೊರಗಿನಿಂದ ತಿರುಗಲಾರದು, ಅದರ ನೈಲಾನ್ ಹಲ್ಲುಗಳು ಮುರಿಯುತ್ತವೆ.

ಒಳಗೆ ನೋಡಬೇಕಾದರೆ ಮೊದಲು ವೈಪರನ್ನು ಒಮ್ಮೆ ಓಡಿಸಿ ಅದು ತನ್ನ ಜಾಗದಲ್ಲಿ ನಿಲ್ಲಲು ಬಿಟ್ಟು, ಬ್ಲೇಡ್ ನಿಂತಿರುವ ಜಾಗವನ್ನು ಗಾಜಿನ ಮೇಲೆ ಕಾಗದದ ಟೇಪಿನಿಂದ ಗುರುತು ಮಾಡಿಕೊಳ್ಳಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಇದನ್ನು ಬಿಟ್ಟು ಲಿಂಕೇಜಿನಲ್ಲಿ ಕೈ ಹಾಕಿದವರ ಬೆರಳು ಜಜ್ಜಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರ್ಮಿನ ಬುಡದ ಪ್ಲಾಸ್ಟಿಕ್ ಟೋಪಿ ತೆಗೆದು ನಟ್ಟನ್ನು ಬಿಚ್ಚಿ, ಆರ್ಮನ್ನು ಆಚೆ ಈಚೆ ಅಲುಗಿಸುತ್ತ ಎತ್ತಿದರೆ ಸ್ಪಿಂಡಲಿನ ಮೇಲಿನ ಸಣ್ಣ ಹಲ್ಲುಗಳು ಕಾಣುತ್ತವೆ. ಹಲ್ಲುಗಳು ನುಣುಪಾಗಿದ್ದರೆ ಆರ್ಮ್ ಜಾರುತ್ತಿದೆ ಎಂದರ್ಥ. ಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿಯನ್ನು ತೆಗೆದ ಮೇಲೆ ಅಲ್ಲಿ ಕೊಳೆತ ಎಲೆಗಳ ರಾಶಿ ಸಿಗುವುದು ಧಾರವಾಡದ ಗಾಡಿಗಳಲ್ಲಿ ಮಾಮೂಲು. ಮರಗಳ ನೆರಳು ನಮ್ಮ ಊರಿನ ಭಾಗ್ಯ, ಆದರೆ ಆ ಎಲೆಗಳು ನೀರು ಹೋಗುವ ತೂತನ್ನು ಮುಚ್ಚಿದರೆ ಮಳೆನೀರು ಅಲ್ಲಿಯೇ ನಿಂತು ಸ್ಪಿಂಡಲ್ ತುಕ್ಕು ಹಿಡಿಯುತ್ತದೆ, ಮೋಟಾರಿನೊಳಗೂ ನೀರು ಇಳಿಯುತ್ತದೆ. ಎಲೆಗಳನ್ನು ಬಾಚಿ, ತೂತಿನಲ್ಲಿ ನೀರು ಸರಾಗವಾಗಿ ಇಳಿಯುವುದನ್ನು ನೋಡಿ, ಗುಂಡುಗಳಿಗೆಲ್ಲ ಹೊಸ ಗ್ರೀಸ್ ತುಂಬಬೇಕು. ಮರಳಿ ಜೋಡಿಸುವಾಗ ಆರ್ಮ್ ಹಾಕುವ ಮೊದಲು ಬ್ಯಾಟರಿಯ ತಂತಿ ಕೂಡಿಸಿ ಮೋಟಾರನ್ನು ಒಮ್ಮೆ ಓಡಿಸಿ ನಿಲ್ಲಿಸಿ, ಆಮೇಲೆ ಟೇಪಿನ ಗುರುತಿಗೆ ಸರಿಯಾಗಿ ಆರ್ಮ್ ಕೂರಿಸಿ ನಟ್ ಬಿಗಿಯಬೇಕು.

ಐದನೆಯ ಹೆಜ್ಜೆ: ಮೋಟಾರ್ ಮತ್ತು ಅದರ ವಿದ್ಯುತ್ ದಾರಿ

ಹಳೆಯ ಕಾಲದ ಜೀಪುಗಳಲ್ಲಿ ವೈಪರಿಗೆ ವಿದ್ಯುತ್ ಮೋಟಾರ್ ಇರಲಿಲ್ಲ, ಎಂಜಿನ್ ಗಾಳಿ ಹೀರುವಾಗ ಉಂಟಾಗುವ ನಿರ್ವಾತದಿಂದಲೇ ವೈಪರ್ ಆಡುತ್ತಿತ್ತು. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ ಕೂಡಲೇ ನಿರ್ವಾತ ಇಳಿದು, ವೈಪರ್ ಬೇಕಾದ ಹೊತ್ತಿಗೇ ನಿಧಾನವಾಗುತ್ತಿತ್ತು. ವಿದ್ಯುತ್ ಮೋಟಾರ್ ಬಂದಮೇಲೆ ಎಂಜಿನ್ನಿನ ವೇಗಕ್ಕೂ ವೈಪರಿಗೂ ಇದ್ದ ನಂಟು ತಪ್ಪಿತು.

ಈಗಿನ ಮೋಟಾರ್ ಕಾರುಗಳಲ್ಲಿ 12 ವೋಲ್ಟಿನದು, ದೊಡ್ಡ ಲಾರಿ-ಬಸ್ಸುಗಳಲ್ಲಿ 24 ವೋಲ್ಟಿನದು. ಒಳಗೆ ಶಾಶ್ವತ ಅಯಸ್ಕಾಂತಗಳ ನಡುವೆ ತಂತಿ ಸುತ್ತಿದ ಆರ್ಮೇಚರ್ ವೇಗವಾಗಿ ತಿರುಗುತ್ತದೆ, ವರ್ಮ್ ಗೇರ್ ಆ ವೇಗವನ್ನು ಸುಮಾರು 50 ಪಟ್ಟು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಎರಡು ವೇಗ ಬರುವುದು ಹೇಗೆ ಎಂದು ಕಲಿಯಲು ಬರುವ ಹುಡುಗರು ಮೊದಲ ದಿನವೇ ಕೇಳುತ್ತಾರೆ. ಮೋಟಾರಿನಲ್ಲಿ ಆರ್ಮೇಚರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಶ್‌ಗಳು ಎರಡರ ಬದಲು ಮೂರು ಇರುತ್ತವೆ. ನಿಧಾನ ವೇಗಕ್ಕೆ ಎದುರುಬದುರಿನ ಎರಡು ಬ್ರಶ್‌ಗಳ ಮೂಲಕ ವಿದ್ಯುತ್ ಹರಿಯುತ್ತದೆ. ಜೋರು ವೇಗಕ್ಕೆ ಓರೆಯಾಗಿ ಕೂರಿಸಿದ ಮೂರನೆಯ ಬ್ರಶ್‌ನಿಂದ ಹರಿಯುವಾಗ ದಾರಿಯಲ್ಲಿ ಸಿಗುವ ತಂತಿಯ ಸುರುಳಿಗಳು ಕಡಿಮೆಯಾಗಿ, ಮೋಟಾರ್ ತಾನೇ ಹುಟ್ಟಿಸುವ ಪ್ರತಿರೋಧಕ ವೋಲ್ಟೇಜೂ ಕಡಿಮೆಯಾಗಿ, ಅದು ಹೆಚ್ಚು ವೇಗಕ್ಕೆ ಏರುತ್ತದೆ. ಇದರಿಂದ ಒಂದು ಸುಲಭ ಲೆಕ್ಕ ಸಿಗುತ್ತದೆ: ಒಂದು ವೇಗ ಮಾತ್ರ ಕೆಲಸ ಮಾಡಿ ಇನ್ನೊಂದು ಮಾಡದಿದ್ದರೆ ಫ್ಯೂಸ್ ಸುಟ್ಟಿಲ್ಲ, ಆ ವೇಗದ ಬ್ರಶ್, ಅದರ ತಂತಿ ಅಥವಾ ಸ್ವಿಚ್ಚಿನ ಆ ಸಂಪರ್ಕ ಕೆಟ್ಟಿದೆ.

ಗೇರಿನ ಮುಚ್ಚಳ ತೆಗೆದರೆ ಗ್ರೀಸಿನಲ್ಲಿ ಮುಳುಗಿದ ಬಿಳಿ ನೈಲಾನ್ ಚಕ್ರ, ಅದರ ಮುಖದ ಮೇಲೆ ಒಂದು ಕಡೆ ತುಂಡಾದ ತಾಮ್ರದ ಬಳೆ, ಆ ಬಳೆಗೆ ಒತ್ತಿಕೊಂಡಿರುವ ಸಣ್ಣ ಸ್ಪ್ರಿಂಗ್ ಪಟ್ಟಿಗಳು ಕಾಣುತ್ತವೆ. ಸ್ವಿಚ್ ಬಂದ್ ಮಾಡಿದರೂ ವೈಪರ್ ಅಲ್ಲಿಯೇ ನಿಲ್ಲದೆ ಗಾಜಿನ ಬುಡಕ್ಕೆ ಬಂದು ಮಲಗುವುದಕ್ಕೆ ಈ ಬಳೆಯೇ ಕಾರಣ. ಪಟ್ಟಿ ತಾಮ್ರದ ಮೇಲಿರುವವರೆಗೆ ಮೋಟಾರಿಗೆ ಬೇರೆ ದಾರಿಯಿಂದ ವಿದ್ಯುತ್ ಸಿಗುತ್ತಲೇ ಇರುತ್ತದೆ. ಬಳೆ ತುಂಡಾದ ಜಾಗ ಬಂದ ಕ್ಷಣ ಆ ವಿದ್ಯುತ್ ಕಡಿದುಹೋಗಿ, ಮೋಟಾರಿನ ತಂತಿ ಅರ್ಥಿಂಗಿಗೆ ಕೂಡಿಕೊಳ್ಳುತ್ತದೆ. ತಿರುಗುತ್ತಿದ್ದ ಮೋಟಾರ್ ಆಗ ಸೈಕಲ್ಲಿನ ಡೈನಮೊದಂತೆ ತಾನೇ ವಿದ್ಯುತ್ ಹುಟ್ಟಿಸತೊಡಗುತ್ತದೆ, ಆ ವಿದ್ಯುತ್ತೇ ಅದಕ್ಕೆ ಬ್ರೇಕ್ ಆಗಿ ತಟ್ಟನೆ ನಿಲ್ಲಿಸುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜಾಣತನವನ್ನು ಅಡಗಿಸಿದ ಇನ್ನೊಂದು ಭಾಗ ವಾಹನದಲ್ಲಿ ನನಗೆ ಕಾಣುವುದಿಲ್ಲ. ಸ್ವಿಚ್ ಬಂದ್ ಮಾಡಿದಲ್ಲೇ ವೈಪರ್ ನಿಂತರೂ, ಎಷ್ಟು ಬಂದ್ ಮಾಡಿದರೂ ನಿಲ್ಲದೆ ಆಡುತ್ತಲೇ ಇದ್ದರೂ ಮೊದಲು ನೋಡಬೇಕಾದದ್ದು ಈ ಬಳೆ ಮತ್ತು ಪಟ್ಟಿಗಳನ್ನು, ಎರಡನೆಯದಾಗಿ ರಿಲೇಯನ್ನು. ಪಟ್ಟಿಗಳ ಮೇಲಿನ ಕಪ್ಪನ್ನು ಒರೆಸಿ ಸ್ವಲ್ಪ ಬಾಗಿಸಿ ಒತ್ತಡ ಹೆಚ್ಚಿಸಿದರೆ ಎಷ್ಟೋ ಮೋಟಾರುಗಳು ಬದುಕುತ್ತವೆ.

ಬಿಟ್ಟು ಬಿಟ್ಟು ಒರೆಸುವ ವ್ಯವಸ್ಥೆ ರಿಲೇಯೊಳಗಿನ ಟೈಮರಿನಿಂದ ನಡೆಯುತ್ತದೆ: ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ನಿಧಾನವಾಗಿ ತುಂಬಿ ಒಂದು ಮಟ್ಟಕ್ಕೆ ಬಂದಾಗ ಮೋಟಾರಿಗೆ ಒಂದು ತಳ್ಳು ಕೊಡುತ್ತದೆ, ಉಳಿದ ಸುತ್ತನ್ನು ತಾಮ್ರದ ಬಳೆ ಪೂರೈಸುತ್ತದೆ. ಕಣ್ಣಿನ ರೆಪ್ಪೆ ಬಡಿಯುವ ರೀತಿಯಿಂದ ಹೊಳಹು ಪಡೆದು 1960ರ ದಶಕದಲ್ಲಿ ಇದನ್ನು ರೂಪಿಸಿದ ಅಮೆರಿಕದ ರಾಬರ್ಟ್ ಕರ್ನ್ಸ್ ತಮ್ಮ ಪೇಟೆಂಟ್ ಹಕ್ಕಿಗಾಗಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಬೇಕಾಯಿತು. 1990ರಲ್ಲಿ ಫೋರ್ಡ್ ಕಂಪನಿ ಅವರಿಗೆ 1 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಟ್ಟಿತು. ಅದಕ್ಕೂ ಬಹಳ ಹಿಂದೆ, 1903ರಲ್ಲಿ, ಒಳಗಿನಿಂದ ಕೈಯಲ್ಲಿ ಆಡಿಸುವ ವೈಪರಿಗೆ ಅದೇ ದೇಶದ ಮೇರಿ ಆ್ಯಂಡರ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದಿದ್ದರು.

ವೈಪರ್ ಪೂರ್ತಿ ನಿಂತಿದ್ದರೆ ಕ್ರಮವಾಗಿ ಹೀಗೆ ಸಾಗಬೇಕು. ಇಗ್ನಿಷನ್ ಹಾಕಿ, ಎಂಜಿನ್ ಶುರು ಮಾಡದೆ, ವೈಪರ್ ಸ್ವಿಚ್ ಒತ್ತಿ ಕಿವಿಗೊಟ್ಟು ಕೇಳಬೇಕು. ಮೋಟಾರಿನ ಸದ್ದು ಬಂದು ಆರ್ಮ್ ಆಡದಿದ್ದರೆ ಲಿಂಕ್ ಅಥವಾ ಗೇರ್. ಸದ್ದೇ ಇಲ್ಲದಿದ್ದರೆ ಫ್ಯೂಸ್ ತೆಗೆದು ನೋಡಬೇಕು, ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನೇ ಹಾಕಬೇಕು. ದೊಡ್ಡ ಫ್ಯೂಸ್ ಅಥವಾ ತಾಮ್ರದ ತಂತಿ ಸಿಕ್ಕಿಸುವುದು ವೈರಿಂಗಿಗೆ ಬೆಂಕಿ ಹಚ್ಚಿದಂತೆ. ಹೊಸ ಫ್ಯೂಸೂ ಸುಟ್ಟರೆ ಸ್ಪಿಂಡಲ್ ತುಕ್ಕಿನಿಂದ ಬಿಗಿದುಕೊಂಡು ಮೋಟಾರಿನ ಮೇಲೆ ಭಾರ ಬಿದ್ದಿರುತ್ತದೆ ಅಥವಾ ತಂತಿ ಎಲ್ಲೋ ಗಾಡಿಯ ಲೋಹದ ಮೈಗೆ ತಾಗಿರುತ್ತದೆ. ಫ್ಯೂಸ್ ಸರಿಯಿದ್ದರೆ ಮೋಟಾರಿನ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ದೀಪ ಹತ್ತಿದರೆ ಮೋಟಾರ್ ಅಥವಾ ಅದರ ಅರ್ಥಿಂಗ್ ಕೆಟ್ಟಿದೆ, ಹತ್ತದಿದ್ದರೆ ರಿಲೇ, ಸ್ವಿಚ್, ತಂತಿಯ ಕಡೆ ಹೋಗಬೇಕು.

ವೈಪರ್ ಆಡುತ್ತದೆ, ಆದರೆ ನಿಧಾನ ಎನಿಸಿದರೆ ಗಡಿಯಾರ ಹಿಡಿದು ಎಣಿಸಬೇಕು. ಒದ್ದೆ ಗಾಜಿನ ಮೇಲೆ ನಿಧಾನ ವೇಗದಲ್ಲಿ ನಿಮಿಷಕ್ಕೆ ಸುಮಾರು 45, ಜೋರು ವೇಗದಲ್ಲಿ ಸುಮಾರು 65 ಸಲ ಹೋಗಿ ಬರುವುದು ಸಾಮಾನ್ಯ ಕಾರಿನ ಲಕ್ಷಣ. ಇದಕ್ಕಿಂತ ಬಹಳ ಕಡಿಮೆಯಿದ್ದರೆ ವೈಪರ್ ಓಡುತ್ತಿರುವಾಗಲೇ ಬ್ಯಾಟರಿಯಲ್ಲಿ ಒಮ್ಮೆ, ಮೋಟಾರಿನ ಪ್ಲಗ್ಗಿನಲ್ಲಿ ಒಮ್ಮೆ ಮಲ್ಟಿಮೀಟರ್ ಹಿಡಿಯಬೇಕು. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಸಂಪರ್ಕವಿದೆ, ಮೋಟಾರ್ ಬದಲಿಸುವ ಅಗತ್ಯವಿಲ್ಲ. ನನ್ನ ಅನುಭವದಲ್ಲಿ ಗಾಡಿಯ ಲೋಹದ ಮೈಗೆ ಬಿಗಿದ ಅರ್ಥಿಂಗ್ ಸ್ಕ್ರೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರೆ ಸರಿಹೋಗುವ ಗಾಡಿಗಳು ಬಹಳ.

ಆರನೆಯ ಹೆಜ್ಜೆ: ನೀರು ಚಿಮ್ಮಿಸುವ ಪಂಪು

ಡಬ್ಬಿ, ಪುಟ್ಟ ಪಂಪು, ಕೊಳವೆ, ಬಾನೆಟ್ಟಿನ ಮೇಲಿನ ತೂತು, ಇಷ್ಟೇ ಇದರ ರಚನೆ. ಕೊಳವೆಬಾವಿಯ ನೀರು ತುಂಬಿದರೆ ತೂತಿನಲ್ಲಿ ಉಪ್ಪು ಕಟ್ಟುತ್ತದೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಇದಕ್ಕೂ ಹಾಕಬೇಕು. ಅದಕ್ಕೆ ನಾಲ್ಕು ಹನಿ ಶಾಂಪೂ ಸಾಕು, ಬಟ್ಟೆ ಸೋಪಿನ ಪುಡಿ ಬೇಡ. ಕಟ್ಟಿದ ತೂತನ್ನು ಸಣ್ಣ ಸೂಜಿಯಿಂದ ಬಿಡಿಸಿ, ಅದೇ ಸೂಜಿಯಿಂದ ತೂತಿರುವ ಪುಟ್ಟ ಗುಂಡನ್ನು ತಿರುಗಿಸಿ ನೀರು ಗಾಜಿನ ಮಧ್ಯಕ್ಕಿಂತ ಸ್ವಲ್ಪ ಮೇಲೆ ಬೀಳುವಂತೆ ಮಾಡಬೇಕು. ಡಬ್ಬಿ ಖಾಲಿಯಿದ್ದಾಗ ಪಂಪನ್ನು ಒತ್ತುತ್ತಲೇ ಇದ್ದರೆ ಅದು ಕಾದು ಸುಟ್ಟುಹೋಗುತ್ತದೆ.

ದಾರಿಯಲ್ಲಿ ಕೈಕೊಟ್ಟರೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೆಯ ನಿಯಮವು ಗಾಜಿರುವ ವಾಹನಕ್ಕೆ ಸರಿಯಾಗಿ ಕೆಲಸ ಮಾಡುವ ಯಂತ್ರಚಾಲಿತ ವೈಪರ್ ಇರಲೇಬೇಕೆಂದು ಹೇಳುತ್ತದೆ, ಬಾಡಿಗೆ ಮತ್ತು ಸರಕು ವಾಹನಗಳ ಫಿಟ್‌ನೆಸ್ ತಪಾಸಣೆಯಲ್ಲಿ ಇದನ್ನೂ ನೋಡುತ್ತಾರೆ. ಆದರೂ ಜೋರು ಮಳೆಯಲ್ಲಿ ವೈಪರ್ ನಿಂತರೆ ಮಾಡಬೇಕಾದ ಮೊದಲ ಕೆಲಸ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ ಅಪಾಯದ ದೀಪಗಳನ್ನು ಹಾಕಿ ಮಳೆ ತಗ್ಗುವವರೆಗೆ ಕಾಯುವುದು. ಹಳೆಯ ಲಾರಿ ಚಾಲಕರು ತಂಬಾಕನ್ನು ಒದ್ದೆ ಮಾಡಿ ಅಥವಾ ಹೆಚ್ಚಿದ ಆಲೂಗಡ್ಡೆಯಿಂದ ಗಾಜನ್ನು ತಿಕ್ಕುತ್ತಿದ್ದರು. ಹಾಗೆ ತಿಕ್ಕಿದಾಗ ನೀರು ಹನಿಗಟ್ಟದೆ ಹಾಳೆಯಂತೆ ಹರಿದು ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಹತ್ತಿರದ ಊರಿನವರೆಗೆ ಹಗಲು ಹೊತ್ತಿನಲ್ಲಿ ಮೆಲ್ಲನೆ ಹೋಗಲು ಅದು ಸಾಕಾಗಬಹುದು, ರಾತ್ರಿ ಘಟ್ಟ ಇಳಿಯಲು ಖಂಡಿತ ಸಾಲದು. ಗಾಡಿಯ ಡಿಕ್ಕಿಯಲ್ಲಿ ನಾಲ್ಕು ಕೇಬಲ್ ಟೈ, ವೈಪರಿನದೇ ಆಂಪಿಯರಿನ ಎರಡು ಫ್ಯೂಸ್, ಆರ್ಮಿನ ನಟ್ಟಿಗೆ ಹೊಂದುವ ಪಾನಾ, ಒಂದು ಹಳೆಯ ಟವೆಲ್ ಮತ್ತು ಒಂದು ಟಾರ್ಚ್ ಇಟ್ಟುಕೊಂಡಿರಬೇಕು. ಪರೀಕ್ಷೆಯ ಕೊನೆಯ ಸುತ್ತನ್ನು ಆ ಟಾರ್ಚಿನಿಂದಲೇ ಮಾಡಬಹುದು: ಕತ್ತಲಾದ ಮೇಲೆ ಮನೆಯ ಮುಂದೆ ಗಾಜಿಗೆ ನೀರು ಹಾಕಿಸುತ್ತ, ಮನೆಯವರಲ್ಲೊಬ್ಬರನ್ನು ಹತ್ತು ಹೆಜ್ಜೆ ಮುಂದೆ ಟಾರ್ಚ್ ಹಿಡಿದು ನಿಲ್ಲಿಸಿ, ಚಾಲಕನ ಸೀಟಿನಲ್ಲಿ ಕುಳಿತು ವೈಪರ್ ಓಡಿಸಿ ನೋಡಿದರೆ, ಹಗಲಲ್ಲಿ ಕಣ್ಣಿಗೆ ಬೀಳದ ಗೆರೆ, ಮಬ್ಬು, ಗೀರುಗಳೆಲ್ಲ ಆ ಬೆಳಕಿನಲ್ಲಿ ಕಾಣಿಸುತ್ತವೆ.